ಹೊಸ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್ ಸೆಟ್ ಆಗುತ್ತೆ? ಮಿಂಟ್ 21ರಲ್ಲಿ ವೈಫೈ ಕಾಣ್ತಾನೇ ಇಲ್ಲ

ತುಮಕೂರ್_ಹುಡ್ಗ:
ನಮಸ್ಕಾರ ಎಲ್ರಿಗೂ. ಈಗಷ್ಟೇ ಹೊಸ ಲ್ಯಾಪ್‌ಟಾಪ್ ತಗೊಂಡಿದೀನಿ, ರೈಜನ್ 5 7530ಯು, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11 ಜೊತೆಗೇ ಬಂದಿದೆ. ಕಾಲೇಜ್ ಲ್ಯಾಬಲ್ಲಿ ಲಿನಕ್ಸ್ ರೂಢಿ ಆಗಿದೆ, ಮನೇಲೂ ಅದೇ ಇರ್ಲಿ ಅಂತ ಸೀನಿಯರ್ ಹತ್ರ ಇದ್ದ ಪೆನ್‌ಡ್ರೈವ್ ಇಸ್ಕೊಂಡು ಲೈವ್ ಬೂಟ್ ಮಾಡಿ ನೋಡ್ದೆ, ಅಂದ್ರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿಂದ್ಲೇ ಓಡಿಸ್ದೆ, ಲಿನಕ್ಸ್ ಮಿಂಟ್ 21 ಅದು. ಸ್ಕ್ರೀನು ಸೌಂಡು ಟಚ್‌ಪ್ಯಾಡು ಎಲ್ಲಾ ಓಕೆ, ಆದ್ರೆ ವೈಫೈ ಅನ್ನೋದೇ ಇಲ್ಲ, ನೆಟ್‌ವರ್ಕ್ ಐಕಾನ್ ಒತ್ತಿದ್ರೆ ಖಾಲಿ. ವಿಂಡೋಸಲ್ಲಿ ಅದೇ ವೈಫೈ ಚೆನ್ನಾಗೇ ಓಡ್ತಿದೆ. ಅಂಗಡಿಯವ್ರನ್ನ ಕೇಳಿದ್ರೆ "ಹೊಸ ಮಾಡೆಲ್‌ಗೆಲ್ಲ ಲಿನಕ್ಸ್ ಸಪೋರ್ಟ್ ಇರಲ್ಲ ಸಾರ್" ಅಂದ್ರು. ಹಾಗಾದ್ರೆ ಇದಕ್ಕೆ ಯಾವ ಲಿನಕ್ಸ್ ಹಾಕ್ಬೇಕು? ವಿಂಡೋಸ್ ಪೂರ್ತಿ ತೆಗಿಯೋ ಹಾಗಿಲ್ಲ, ಅಪ್ಪ ಅದ್ರಲ್ಲಿ ಟ್ಯಾಲಿ ನೋಡ್ತಾರೆ.

ಎಲೆಕೋಸು:
ಉಬುಂಟು ಹಾಕು ಗುರು ಸುಮ್ನೆ. ಎಲ್ಲಾದಕ್ಕೂ ಸಪೋರ್ಟ್ ಇರುತ್ತೆ, ಗೂಗಲ್ ಮಾಡಿದ್ರೂ ಮೊದ್ಲು ಉಬುಂಟು ಉತ್ತರಾನೇ ಸಿಗೋದು.

ಆರ್ಚ್_ಭಕ್ತ:
ಆರ್ಚ್. ಮಾತೇ ಇಲ್ಲ. ಯಾವಾಗ್ಲೂ ಹೊಸ ಕರ್ನಲ್ (ಲಿನಕ್ಸಿನ ತಿರುಳು), ಹೊಸ ಡ್ರೈವರ್ (ಯಂತ್ರದ ಭಾಗಗಳನ್ನ ನಡೆಸೋ ಪ್ರೋಗ್ರಾಂ).

ಎಲೆಕೋಸು:
ಪಾಪ ಆ ಹುಡ್ಗ ವೈಫೈ ಬರ್ತಿಲ್ಲ ಅಂತ ಅಳ್ತಿದಾನೆ, ನೀನು ಅವ್ನಿಗೆ ಆರ್ಚ್ ಹಾಕು ಅಂತೀಯಲ್ಲಪ್ಪಾ, ಅದನ್ನ ಹಾಕೋಕೇ ಇಂಟರ್ನೆಟ್ ಬೇಕು.

ಪೇಡಾ_ಧಾರವಾಡ:
ತಮ್ಮಾ, ಇವರಿಬ್ರ ಜಗಳ ಆಮ್ಯಾಲೆ ನೋಡೂಣು. ಮದ್ಲ ಒಂದ್ ಮಾತ್ ಹೇಳು, ವೈಫೈ ಕಾರ್ಡ್ ಯಾವ್ದು ಐತಿ? ವಿಂಡೋಸ್‌ನ್ಯಾಗ ಡಿವೈಸ್ ಮ್ಯಾನೇಜರ್ ತಗದು ನೆಟ್‌ವರ್ಕ್ ಅಡಾಪ್ಟರ್ಸ್ ಅಂತ ಐತಲ್ಲ, ಅಲ್ಲಿ ಹೆಸರು ಬರೆದಿರ್ತಾರ, ಅದನ್ನ ಇಲ್ಲಿ ಹಾಕು. ಇಲ್ಲಾಂದ್ರ ಅದೇ ಪೆನ್‌ಡ್ರೈವ್‌ನ್ಯಾಗ ಬೂಟ್ ಆಗಿ ಟರ್ಮಿನಲ್ (ಕಮಾಂಡ್ ಬರಿಯೂ ಕಿಟಕಿ) ತಗದು ಎಲ್‌ಎಸ್‌ಪಿಸಿಐ (lspci) ಅಂತ ಕೊಡು, ನೆಟ್‌ವರ್ಕ್ ಕಂಟ್ರೋಲರ್ ಅನ್ನೋ ಸಾಲು ಹುಡುಕು. ಲ್ಯಾಪ್‌ಟಾಪಿನ ಮಾಡೆಲ್ ಹೆಸರು ತಗೊಂಡು ಏನೂ ಮಾಡಾಕ ಆಗೂದಿಲ್ಲ, ಯಾಕಂದ್ರ ಒಂದೇ ಮಾಡೆಲ್‌ನ್ಯಾಗ ಒಂದು ಲಾಟಿಗೆ ಇಂಟೆಲ್ ಕಾರ್ಡ್, ಇನ್ನೊಂದು ಲಾಟಿಗೆ ರಿಯಲ್‌ಟೆಕ್, ಮತ್ತೊಂದಕ್ಕ ಮೀಡಿಯಾಟೆಕ್ ಹಾಕಿರ್ತಾರ. ನಿನ್ನ ದೋಸ್ತಂದು ಅದೇ ಮಾಡೆಲ್ ಇದ್ದು ಅವಂಗ ವೈಫೈ ಬಂದಿದ್ರೂ ನಿನಗ ಬರ್ಬೇಕು ಅಂತೇನಿಲ್ಲ.

ತುಮಕೂರ್_ಹುಡ್ಗ:
ನೋಡ್ದೆ ಸಾರ್. ರಿಯಲ್‌ಟೆಕ್ ಆರ್‌ಟಿಎಲ್8852ಬಿಇ ವೈಫೈ 6 ಅಂತ ಇದೆ.

ಪೇಡಾ_ಧಾರವಾಡ:
ಹಾಂ, ಸಿಕ್ತು ನೋಡು. ಕಾರ್ಡ್‌ನ್ಯಾಗ ಏನೂ ತೊಂದ್ರೆ ಇಲ್ಲ, ಮಿಂಟ್‌ನ್ಯಾಗೂ ಇಲ್ಲ. ನಿನ್ನ ಪೆನ್‌ಡ್ರೈವ್ ಹಳೇದು, ಅಷ್ಟ.

ಸ್ವಲ್ಪ ಬಿಡಿಸಿ ಹೇಳ್ತೀನಿ ಕೇಳು, ಯಾಕಂದ್ರ ಇದು ಗೊತ್ತಾದ್ರ ಮುಂದ ಯಾರನ್ನೂ ಕೇಳೂದು ಬೇಕಾಗಂಗಿಲ್ಲ. ವಿಂಡೋಸ್‌ನ್ಯಾಗ ಡ್ರೈವರ್ ಅಂದ್ರ ಕಂಪನಿ ಸೈಟಿಗೆ ಹೋಗಿ ಇಳಿಸಿಕೊಳ್ಳೂದು. ಲಿನಕ್ಸ್‌ನ್ಯಾಗ ಹಂಗಲ್ಲ, ಬಹಳಷ್ಟು ಡ್ರೈವರ್ ಕರ್ನಲ್ ಒಳಗ ಬರ್ತಾವ. ಈ 8852ಬಿಇ ಕಾರ್ಡಿನ ಡ್ರೈವರ್ ಕರ್ನಲ್ ಒಳಗ ಸೇರಿದ್ದು 6.2ರಾಗ, ಅಂದ್ರ ಫೆಬ್ರವರಿ 2023. ನಿನ್ನ ಮಿಂಟ್ 21 ಬಂದಿದ್ದು ಜುಲೈ 2022, ಉಬುಂಟು 22.04ರ ಮ್ಯಾಲೆ ಕಟ್ಟಿದ್ದು, ಅದರ ಕರ್ನಲ್ 5.15. ಆ ಕರ್ನಲ್ಲಿಗೆ ನಿನ್ನ ಕಾರ್ಡ್ ಹುಟ್ಟೈತಿ ಅನ್ನೂದ ಗೊತ್ತಿಲ್ಲ, ಹೆಂಗ ತೋರಿಸಬೇಕು ಅದು?

ಹಂಗಾಗಿ ಯಾವ ಲಿನಕ್ಸ್ ಅನ್ನೂಕ್ಕಿಂತ ಮದ್ಲ ಯಾವ ಕರ್ನಲ್ ಅಂತ ಕೇಳ್ಬೇಕು. ನಿನಗ ಕಡಿಮಿ ಅಂದ್ರ 6.2 ಬೇಕು. ಸೆಪ್ಟೆಂಬರ್ 2025ರಾಗ ಬಂದ ಮಿಂಟ್ 22.2ರಾಗ 6.14 ಐತಿ, ಅದನ್ನ ಇಳಿಸ್ಕೊ. ಮಿಂಟ್ ರೂಢಿ ಇದ್ರ ಮಿಂಟ್ ಬಿಡೂ ಕಾರಣನ ಇಲ್ಲ.

ತುಮಕೂರ್_ಹುಡ್ಗ:
ಅಯ್ಯೋ ಇಷ್ಟೇನಾ. ಆದ್ರೆ ಒಂದ್ ಡೌಟು, ಪ್ರೊಸೆಸರ್ 7530ಯು ಕೂಡ ಹೊಸದೇ ಅಲ್ವಾ, ಗ್ರಾಫಿಕ್ಸ್ ಹಳೇ ಮಿಂಟಲ್ಲೂ ಸರಿಯಾಗಿ ಬಂತಲ್ಲ ಅದ್ ಹೇಗೆ?

ಕರಾವಳಿ_ಕರ್ನಲ್:
ಇದಕ್ಕೆ ನಾನು ಹೇಳ್ತೇನೆ ಮಾರಾಯ್ರೆ, ಇದು ನಂಗೆ ತುಂಬ ಇಷ್ಟದ ವಿಷಯ. 7530ಯು ಹೆಸರಿಗೆ ಮಾತ್ರ ಹೊಸತು. ಎಎಂಡಿಯವರ 7000 ಸೀರೀಸ್ ಲ್ಯಾಪ್‌ಟಾಪ್ ಚಿಪ್‌ನಲ್ಲಿ ಮೂರನೇ ಅಂಕೆ ನೋಡ್ಬೇಕು, ಒಳಗಿನ ವಿನ್ಯಾಸ ಯಾವುದು ಅಂತ ಹೇಳೋದು ಅದೇ. 7530ರಲ್ಲಿ ಮೂರನೇದು 3, ಅಂದ್ರೆ ಝೆನ್ 3. 7520ಯು ಆದ್ರೆ 2, ಅದು ಝೆನ್ 2. 7840ಯು ಆದ್ರೆ 4, ಝೆನ್ 4. ಹಾಗಾಗಿ ನಿಮ್ಮದು 2023ರ ಹೆಸರಿನಲ್ಲಿ ಬಂದ ಹಳೇ ಝೆನ್ 3, ಗ್ರಾಫಿಕ್ಸ್ ಕೂಡ ಹಳೇ ವೇಗಾ. ಅದರ ಡ್ರೈವರ್ 5.15ರಲ್ಲಿ ಆಗ್ಲೇ ಉಂಟು. ಹಳೇ ಚಿಪ್ಪಿಗೆ ಹೊಸ ವೈಫೈ ಕಾರ್ಡ್ ಹಾಕಿ ಕೊಟ್ಟಿದ್ದಾರೆ, ಅದಕ್ಕೆ ಸ್ಕ್ರೀನ್ ಬಂತು ವೈಫೈ ಬರ್ಲಿಲ್ಲ. ಅಂಗಡಿಯವರಿಗೆ ಇದೆಲ್ಲ ಎಂತ ಗೊತ್ತಿರ್ತದೆ, ಅವರು ಹೊಸ ಮಾಡೆಲ್ ಅಂತ ಒಂದೇ ಮಾತಿನಲ್ಲಿ ಮುಗಿಸ್ತಾರೆ.

ಹಾಗಂತ ಲಿನಕ್ಸ್ ಹಾಕ್ಲಿಕ್ಕೆ ಅಂತಲೇ ಹಳೇ ಚಿಪ್ ತಗೊಳ್ಳಿ ಅಂತ ಅಲ್ಲ. ಆದ್ರೆ ದುಡ್ಡು ಕೊಡುವ ಮೊದಲು ಆ ಅಂಕೆ ನೋಡಿದ್ರೆ ಒಳ್ಳೇದು, ಝೆನ್ 2ಕ್ಕೆ ಹೊಸ ಚಿಪ್ಪಿನ ರೇಟು ಕೊಡುವವರು ಸುಮಾರು ಜನ ಇದ್ದಾರೆ.

ಎಲೆಕೋಸು:
ಇದು ಗೊತ್ತೇ ಇರ್ಲಿಲ್ಲ. ನಂದು 7520ಯು. ಇವತ್ ರಾತ್ರಿ ನಿದ್ದೆ ಬರಲ್ಲ.

ಡೆಬಿಯನ್_ದೇವೇಗೌಡ್ರು:
ಮಿಂಟೇ ಯಾಕೆ, ಡೆಬಿಯನ್ ಹಾಕ್ಕೊಳಿ ಅಲುಗಾಡಲ್ಲ. ನಾನು ಎಷ್ಟೋ ವರ್ಷದಿಂದ ಅದ್ರಲ್ಲೇ ಇದೀನಿ.

ಪೇಡಾ_ಧಾರವಾಡ:
ಗೌಡ್ರ, ಯಾವ ಡೆಬಿಯನ್ ಅಂತ ಹೇಳ್ಬೇಕ್ರಿ, ಇಲ್ಲಾಂದ್ರ ಹುಡುಗ ಮತ್ತ ಸಿಕ್ಕಿ ಹಾಕ್ಕೊಂತಾನ. ಡೆಬಿಯನ್ 12 ಜೂನ್ 2023ರಾಗ ಬಂದ್ರೂ ಅದರ ಕರ್ನಲ್ 6.1. ಈ ಕಾರ್ಡಿಗೆ ಬೇಕಾದ್ದು 6.2. ಒಂದ ಒಂದು ಮೆಟ್ಟಲಾ ಹಿಂದ! ಬ್ಯಾಕ್‌ಪೋರ್ಟ್ಸ್ ಅಂತ ಹಳೇ ಡೆಬಿಯನ್ನಿಗೆ ಹೊಸ ಪ್ಯಾಕೇಜ್ ಕೊಡೂ ಭಂಡಾರ ಐತಿ, ಅಲ್ಲಿಂದ ಹೊಸ ಕರ್ನಲ್ ಹಾಕ್ಕೊಂಡ್ರ ಓಡತೈತಿ, ಆದ್ರ ಅದಕ್ಕ ಇಂಟರ್ನೆಟ್ ಬೇಕಲ್ಲ. ಆಗಸ್ಟ್ 2025ರಾಗ ಬಂದ ಡೆಬಿಯನ್ 13 ಆದ್ರ 6.12 ಐತಿ, ಅದನ್ನ ಕಣ್ಮುಚ್ಚಿ ಹಾಕಬಹುದು.

ಡೆಬಿಯನ್_ದೇವೇಗೌಡ್ರು:
13ನ್ನೇ ಹೇಳಿದ್ದು ಸ್ವಾಮಿ. ಇನ್ನೊಂದು, ಮೊದ್ಲೆಲ್ಲ ಡೆಬಿಯನ್‌ಗೆ ವೈಫೈ ಫರ್ಮ್‌ವೇರ್ (ಕಾರ್ಡಿನ ಒಳಗೆ ಓಡೋ ಸಣ್ಣ ಪ್ರೋಗ್ರಾಂ) ಬೇರೆ ಪೆನ್‌ಡ್ರೈವಲ್ಲಿ ಇಟ್ಕೊಂಡು ಒದ್ದಾಡ್ಬೇಕಿತ್ತು, 2022ರಲ್ಲಿ ಅವರವರೇ ಓಟ್ ಹಾಕಿ ತೀರ್ಮಾನ ಮಾಡಿದ್ಮೇಲೆ 12ರಿಂದ ಇನ್‌ಸ್ಟಾಲರ್ ಜೊತೇಲೇ ಬರುತ್ತೆ. ಡೆಬಿಯನ್ ಕಷ್ಟ ಅನ್ನೋರು ಇನ್ನೂ ಆ ಹಳೇ ಕಾಲದಲ್ಲೇ ಇದಾರೆ.

ಶಿರಸಿ_ಸಿಸ್ಟಮ್ಸ್:
ಮಧ್ಯೆ ಬಾಯಿ ಹಾಕ್ತೀನಿ ಕ್ಷಮಿಸಿ. ಕರ್ನಲ್ ಸರಿ ಇದ್ರೂ ಜೊತೆಗೆ ಫರ್ಮ್‌ವೇರ್ ಪ್ಯಾಕೇಜು, ಗ್ರಾಫಿಕ್ಸ್‌ಗೆ ಮೆಸಾ ಅನ್ನೋ ಸಾಫ್ಟ್‌ವೇರ್, ಇವೂ ಅದೇ ಕಾಲದ್ದಾಗಿರ್ಬೇಕು. ಕರ್ನಲ್ ಮಾತ್ರ ಎಲ್ಲಿಂದಲೋ ತಂದು ಹಳೇ ಡಿಸ್ಟ್ರೋಗೆ (ಮಿಂಟ್, ಡೆಬಿಯನ್ ಥರ ಒಂದೊಂದು ಬಗೆಯ ಲಿನಕ್ಸ್) ತುರುಕಿದ್ರೆ ಡ್ರೈವರ್ ಲೋಡ್ ಆಗುತ್ತೆ, ಆದ್ರೆ ಫರ್ಮ್‌ವೇರ್ ಫೈಲ್ ಸಿಗ್ಲಿಲ್ಲ ಅಂತ ಡಿಮೆಸೇಜಲ್ಲಿ (ಕರ್ನಲ್ ಬರೆಯೋ ಲಾಗ್) ಎರರ್ ಹೊಡ್ದು ಕೂತ್ಕೊಳ್ಳುತ್ತೆ. ಅದಕ್ಕೇ ಹೊಸಬ್ರಿಗೆ ಪೂರ್ತಿ ಹೊಸ ಐಎಸ್‌ಒ (ಪೆನ್‌ಡ್ರೈವಿಗೆ ಹಾಕೋ ಇನ್‌ಸ್ಟಾಲ್ ಫೈಲ್) ಇಳಿಸಿಕೊಳ್ಳೋದೇ ಸುಲಭ. ಉಬುಂಟು 24.04ದಲ್ಲೂ ಇದೇ ಕತೆ, 2024ರ ಏಪ್ರಿಲ್‌ದು 6.8, 24.04.3 ಅಂತ ಆಗಸ್ಟ್ 2025ರಲ್ಲಿ ಬಂದಿದ್ದು 6.14. ಹೆಸರು ಒಂದೇ ಎಲ್‌ಟಿಎಸ್ (ದೀರ್ಘಕಾಲ ಸಪೋರ್ಟ್ ಇರೋ ಆವೃತ್ತಿ), ಕೊನೇ ಅಂಕೆ ನೋಡ್ದೆ ಹಳೇದನ್ನ ಇಳಿಸ್ಕೊಂಡ್ರೆ ಹೊಸ ಯಂತ್ರದಲ್ಲಿ ಬೂಟೇ ಆಗದೆ ಇರ್ಬೋದು.

ಚಿಕ್ಮಗ್ಳೂರ್_ಕಾಫಿ:
ಒಳ್ಳೆ ಥ್ರೆಡ್. ನಂದೂ ಸೇರಿಸ್ತೀನಿ. ನಂದು ರೈಜನ್ ಎಐ 7 350. ಮಿಂಟ್ 22 ಮೊದಲ ಐಎಸ್‌ಒ ಹಾಕಿದ್ರೆ ಸ್ಕ್ರೀನ್ ಬರುತ್ತೆ ಆದ್ರೆ ಎಲ್ಲಾ ಆಮೆ ವೇಗ, ಬ್ರೈಟ್‌ನೆಸ್ ಕೀ ಕೆಲಸ ಮಾಡಲ್ಲ, ಯೂಟ್ಯೂಬ್ ಓಡಿಸಿದ್ರೆ ಫ್ಯಾನ್ ಹೆಲಿಕಾಪ್ಟರ್. ಇದೂ ಕರ್ನಲ್ಲೇನಾ?

ಕರಾವಳಿ_ಕರ್ನಲ್:
ಅದೇ. ನಿಮ್ಮದು ನಿಜವಾಗ್ಲೂ ಹೊಸ ಚಿಪ್, ತುಮಕೂರಿನವರ ಹಾಗೆ ಬರೀ ಹೆಸರಲ್ಲ. ಆ ಮಿಂಟ್ 22ರಲ್ಲಿರೋ 6.8 ಬಂದದ್ದು ಮಾರ್ಚ್ 2024. ರೈಜನ್ ಎಐ 300 ಸೀರೀಸಿನ ಮೊದಲ ಚಿಪ್‌ಗಳು ಮಾರ್ಕೆಟಿಗೆ ಬಂದದ್ದೇ ಜುಲೈ 2024, ನಿಮ್ಮ 350 ಅದಕ್ಕಿಂತ ಲೇಟು, 2025. ಹಾಗಾಗಿ ಗ್ರಾಫಿಕ್ಸ್ ಡ್ರೈವರ್ ಏಳುವುದಿಲ್ಲ, ಎಲ್ಲವನ್ನೂ ಸಿಪಿಯು ಮೇಲೆಯೇ ಬಿಡಿಸ್ತಾ ಕೂತಿರ್ತದೆ, ಫ್ಯಾನ್ ಕೂಗದೆ ಇರ್ತದಾ? ಸೆಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಹೆಸರಿನ ಜಾಗದಲ್ಲಿ ಎಲ್‌ಎಲ್‌ವಿಎಂಪೈಪ್ ಅಂತ ತೋರಿಸಿದ್ರೆ ಅದೇ ಗುರುತು.

ನಿಮಗೆ ನಾನಾದ್ರೆ ಫೆಡೋರಾ ಹೇಳ್ತೇನೆ. ವರ್ಷಕ್ಕೆ ಎರಡು ಸಲ ಹೊಸ ಆವೃತ್ತಿ ಬರ್ತದೆ, ಅದಕ್ಕಿಂತ ಮುಖ್ಯ ಅಂದ್ರೆ ಒಂದು ಆವೃತ್ತಿಯ ಒಳಗೇ ಕರ್ನಲ್ ಹೊಸತು ಬರ್ತಾ ಇರ್ತದೆ, ಮೆಸಾ ಕೂಡ. ಒಂದು ಆವೃತ್ತಿಗೆ ಸುಮಾರು 13 ತಿಂಗಳು ಸಪೋರ್ಟ್, ಆಮೇಲೆ ಅಪ್‌ಗ್ರೇಡ್ ಮಾಡ್ಲೇಬೇಕು. ಅದು ಕಿರಿಕಿರಿ ಅನ್ನಿಸಿದ್ರೆ ಮಿಂಟ್ 22.2 ನೋಡಿ, ಅದರಲ್ಲೂ ಆಗ್ಬೇಕು, ಲೈವ್‌ನಲ್ಲಿ ಹಾಕಿ ನೋಡಿದ್ರೆ ಗೊತ್ತಾಗ್ತದೆ.

ಆರ್ಚ್_ಭಕ್ತ:
ಇವರಿಗೆ ಆರ್ಚ್ ಹೇಳಬಹುದಿತ್ತು...

ಎಲೆಕೋಸು:
ಬಿಡಪ್ಪಾ ಸಾಕು.

ಪೇಡಾ_ಧಾರವಾಡ:
ಆರ್ಚ್ ಅಣ್ಣಾರ ಮಾತ್ನಾಗ ಖರೇನೂ ಐತಿ, ನಗಬ್ಯಾಡ್ರಿ. ಚಿಪ್ ಮಾರ್ಕೆಟಿಗೆ ಬಂದು ಆರು ತಿಂಗಳೂ ಆಗಿಲ್ಲ ಅಂದ್ರ ಆರ್ಚ್, ಫೆಡೋರಾ, ಓಪನ್‌ಸೂಸೆ ಟಂಬಲ್‌ವೀಡ್ ಇಂಥಾವ ಸರಿ. ವರ್ಷ ದಾಟಿದ್ರ ಉಬುಂಟು, ಮಿಂಟ್ ಹೊಸ ಐಎಸ್‌ಒ ಸಾಕು. ಎರಡ್ಮೂರು ವರ್ಷದ ಲ್ಯಾಪ್‌ಟಾಪಿಗೆ ಡೆಬಿಯನ್ ಅಂದ್ರೂ ನಡೀತೈತಿ. ಇದು ನನ್ನ ಲೆಕ್ಕ, ಶಾಸ್ತ್ರ ಅಲ್ಲ.

ಮೈಸೂರ್_ಮಲ್ಲಿಗೆ_92:
ನಂಗೂ ಒಂದ್ ಹೇಳಿ ಪ್ಲೀಸ್. ಡಿವೈಸ್ ಮ್ಯಾನೇಜರ್‌ನಲ್ಲಿ ಮೀಡಿಯಾಟೆಕ್ ಎಂಟಿ7902 ಅಂತ ಬರ್ತಿದೆ. ಮಿಂಟ್ 22.2 ಹಾಕಿದ್ರೂ ವೈಫೈ ಇಲ್ಲ. ನೆಟ್ಟಲ್ಲಿ ನೋಡಿದ್ರೆ 7921ಗೆ ಕರ್ನಲ್ 5.12ರಿಂದ ಡ್ರೈವರ್ ಇದೆ, 7922ಗೆ ಇದೆ, 7925ಗೆ 6.7ರಿಂದ ಇದೆ ಅಂತಾರೆ, ನಂದು ಮಾತ್ರ ಯಾಕೆ ಇಲ್ಲ?

ಶಿರಸಿ_ಸಿಸ್ಟಮ್ಸ್:
ಮೇಡಂ, ಅದೊಂದು ನಂಬರ್ ಸ್ವಲ್ಪ ಬೇಜಾರಿನ ನಂಬರ್. ಅಕ್ಕಪಕ್ಕದ ಎಲ್ಲಾ ಕಾರ್ಡಿಗೂ ಡ್ರೈವರ್ ಬಂದ್ರೂ 7902ಗೆ ವರ್ಷಗಟ್ಟಲೆ ಕರ್ನಲ್ ಒಳಗೆ ಡ್ರೈವರ್ ಇರ್ಲಿಲ್ಲ, 6.14ರಲ್ಲೂ ಇಲ್ಲ. ನಂಬರ್ ನೋಡಿ 7921ರ ತಮ್ಮ ಅಂತ ಅಂದ್ಕೊಳ್ಳೋ ಹಾಗಿಲ್ಲ. ಡಿಸ್ಟ್ರೋ ಬದಲಾಯಿಸ್ತಾ ಕೂತ್ರೆ ಟೈಮ್ ವೇಸ್ಟ್.

ದಾರಿ ಎರಡು. ಲ್ಯಾಪ್‌ಟಾಪ್ ಹಿಂದೆ ಬಿಚ್ಚಿದ್ರೆ ವೈಫೈ ಕಾರ್ಡ್ ಸಣ್ಣದೊಂದು ಸ್ಲಾಟಲ್ಲಿ ಒಂದೇ ಸ್ಕ್ರೂ ಮೇಲೆ ಕೂತಿರುತ್ತೆ, ಎರಡು ತೆಳು ಆ್ಯಂಟೆನಾ ವೈರ್ ಸಿಕ್ಸಿರ್ತಾರೆ. ಅದನ್ನ ತೆಗೆದು ಇಂಟೆಲ್ ಎಎಕ್ಸ್210 ಹಾಕ್ಸಿ. ಕರ್ನಲ್ 5.10ರಿಂದಲೇ ಅದಕ್ಕೆ ಡ್ರೈವರ್ ಇದೆ, ಎಎಂಡಿ ಲ್ಯಾಪ್‌ಟಾಪಲ್ಲೂ ಓಡುತ್ತೆ. ಅಂಗಡೀಲಿ ಎಎಕ್ಸ್211 ಕೊಡೋಕೆ ಬಂದ್ರೆ ಬೇಡ ಅನ್ನಿ, ಅದು ಇಂಟೆಲ್ ಪ್ರೊಸೆಸರ್ ಇರೋ ಲ್ಯಾಪ್‌ಟಾಪಿಗೆ ಮಾತ್ರ, ನೋಡೋಕೆ ಎರಡೂ ಒಂದೇ ಥರ ಇರುತ್ತೆ. ಬೆಂಗಳೂರಲ್ಲಾದ್ರೆ ಎಸ್.ಪಿ. ರೋಡಲ್ಲಿ ವಿಚಾರಿಸಿ. ವಾರಂಟಿ ಕತೆ ಏನು ಅಂತ ಮೊದ್ಲೇ ಕೇಳ್ಕೊಳಿ, ಕೆಲವು ಮಾಡೆಲಲ್ಲಿ ಕಾರ್ಡ್ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಆಗ ಬಿಚ್ಚೋ ಪ್ರಶ್ನೇನೇ ಇಲ್ಲ.

ಇಲ್ಲಾಂದ್ರೆ ಯುಎಸ್‌ಬಿ ವೈಫೈ ಡಾಂಗಲ್. ಅದಕ್ಕೂ ಒಳಗಿನ ಚಿಪ್ ಯಾವುದು ಅಂತ ನೋಡೇ ತಗೋಬೇಕು. ಡಬ್ಬಿ ಮೇಲೆ ಲಿನಕ್ಸ್ ಸಪೋರ್ಟೆಡ್ ಅಂತ ಬರ್ದಿರೋದನ್ನ ನಂಬೋದು ಕಷ್ಟ, ಯಾವುದೋ ಓಬೀರಾಯನ ಕಾಲದ ಕರ್ನಲ್‌ಗೆ ಅವರೇ ಮಾಡಿದ ಡ್ರೈವರ್ ಇಟ್ಕೊಂಡು ಹಾಗೆ ಬರ್ದಿರ್ತಾರೆ.

ಮೈಸೂರ್_ಮಲ್ಲಿಗೆ_92:
ಥ್ಯಾಂಕ್ಸ್ ಸರ್. ಸದ್ಯಕ್ಕೆ ಫೋನಿಂದ ಯುಎಸ್‌ಬಿ ಟೆದರಿಂಗ್ ಮಾಡ್ಕೊಂಡು ಈ ಮೆಸೇಜ್ ಹಾಕ್ತಿದೀನಿ, ಅದು ಮಾತ್ರ ಏನೂ ಮಾಡದೆ ಬಂತು. ಕಾರ್ಡ್ ವಿಚಾರಿಸ್ತೀನಿ.

ಪೇಡಾ_ಧಾರವಾಡ:
ಇದನ್ನ ಎಲ್ಲಾರೂ ನೆನಪಿಟ್ಕೊಳ್ರಿ, ವೈಫೈ ಬರ್ಲಿಲ್ಲಾಂದ್ರ ಫೋನ್ ಕೇಬಲ್ ಹಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡ್ರಿ. ಲಿನಕ್ಸ್ ಅದನ್ನ ಲ್ಯಾನ್ ಅಂತ ತಿಳ್ಕೊಂತೈತಿ. ಫೋನ್ ವೈಫೈಗೆ ಕನೆಕ್ಟ್ ಆಗಿದ್ರ ಅದೇ ವೈಫೈ ಇದಕ್ಕೂ ಬರ್ತೈತಿ, ಡೇಟಾ ಖರ್ಚೂ ಆಗೂದಿಲ್ಲ.

ತುಮಕೂರ್_ಹುಡ್ಗ:
ಅಪ್‌ಡೇಟ್: 22.2 ಇಳಿಸಿ ಲೈವಲ್ಲಿ ನೋಡ್ದೆ, ವೈಫೈ ಬಂತು!! ಬ್ಲೂಟೂತೂ ಬಂತು. ಈಗ ವಿಂಡೋಸ್ ಪಕ್ಕದಲ್ಲಿ ಇನ್‌ಸ್ಟಾಲ್ ಮಾಡ್ಬೇಕು. ಸುಮ್ನೆ ನೆಕ್ಸ್ಟ್ ನೆಕ್ಸ್ಟ್ ಕೊಟ್ರೆ ಸಾಕಾ?

ಪೇಡಾ_ಧಾರವಾಡ:
ತಡಿ ತಡಿ ತಡಿ. ನಿಮ್ಮಪ್ಪಾರ ಟ್ಯಾಲಿ ಐತಿ ಅಂದೆಲ್ಲ. ಮದ್ಲ ಆ ಟ್ಯಾಲಿ ಡೇಟಾ ಬ್ಯಾರೆ ಪೆನ್‌ಡ್ರೈವಿಗೆ ಕಾಪಿ ಮಾಡು, ಉಳಿದದ್ದು ಆಮ್ಯಾಲೆ.

ವಿಂಡೋಸ್ 11 ಬಹಳಷ್ಟು ಲ್ಯಾಪ್‌ಟಾಪ್‌ನ್ಯಾಗ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಟ್ಟಿರ್ತೈತಿ, ಬಿಟ್‌ಲಾಕರ್ ಅಂತಾರ, ನಾವು ಕೇಳದಿದ್ರೂ ಆನ್ ಆಗಿರ್ತೈತಿ. ಪಾರ್ಟಿಷನ್ ಮುಟ್ಟಿ ಇಲ್ಲಾ ಬಯೋಸ್‌ನ್ಯಾಗ (ವಿಂಡೋಸಿಗೂ ಮದ್ಲ ಬರೂ ಸೆಟಿಂಗ್ಸ್) ಸೆಕ್ಯೂರ್ ಬೂಟ್ (ಸಹಿ ಇದ್ದ ಸಾಫ್ಟ್‌ವೇರ್ ಮಾತ್ರ ಬಿಡೂ ಕಾವಲು) ಬದಲಿ ಮಾಡಿ ಮತ್ತ ವಿಂಡೋಸಿಗೆ ಹೋದ್ರ 48 ಅಂಕಿ ರಿಕವರಿ ಕೀ ಕೇಳ್ತೈತಿ. ಆ ಕೀ ಮೈಕ್ರೋಸಾಫ್ಟ್ ಅಕೌಂಟಿನೊಳಗ ಇರ್ತೈತಿ, ಯಾರ ಅಕೌಂಟಿಂದ ವಿಂಡೋಸ್ ಸೆಟಪ್ ಮಾಡಿದ್ರಿ ಅದನ್ನ ತಗದು ಮದ್ಲ ಆ ಕೀ ಬರೆದಿಟ್ಕೊ, ಇಲ್ಲಾಂದ್ರ ಸೆಟಿಂಗ್ಸ್‌ನ್ಯಾಗ ಡಿವೈಸ್ ಎನ್‌ಕ್ರಿಪ್ಶನ್ ಆಫ್ ಮಾಡಿ ಪೂರ್ತಿ ಡಿಕ್ರಿಪ್ಟ್ ಆಗೂತನಾ ಕಾಯಿ. ಅಂಗಡಿಯವರು ತಮ್ಮ ಅಕೌಂಟ್ ಹಾಕಿ ಸೆಟಪ್ ಮಾಡಿ ಕೊಟ್ಟಿದ್ರಂತೂ ಇವತ್ತ ಅದನ್ನ ಬದಲಿ ಮಾಡ್ಕೊ, ಕೀ ಅವರ ಕಡೆ ಹೋಗಿರ್ತೈತಿ.

ಆಮ್ಯಾಲೆ ವಿಂಡೋಸ್‌ನ್ಯಾಗನ ಡಿಸ್ಕ್ ಮ್ಯಾನೇಜ್‌ಮೆಂಟ್ ತಗದು ಸಿ ಡ್ರೈವ್ ಶ್ರಿಂಕ್ ಮಾಡು, ಅಂದ್ರ ಸಣ್ಣದು ಮಾಡು. 512ರಾಗ 120 ಜಿಬಿ ಲಿನಕ್ಸಿಗೆ ಬಿಟ್ರ ನಿನಗ ಧಾರಾಳ ಆಗ್ತೈತಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡು, ಇಲ್ಲಾಂದ್ರ ವಿಂಡೋಸ್ ಪೂರ್ತಿ ಬಂದ್ ಆಗಂಗಿಲ್ಲ, ಲಿನಕ್ಸ್‌ನಿಂದ ಆ ಡ್ರೈವ್‌ನ್ಯಾಗ ಏನೂ ಬರೆಯಾಕ ಬಿಡೂದಿಲ್ಲ. ಇನ್‌ಸ್ಟಾಲರ್‌ನ್ಯಾಗ ವಿಂಡೋಸ್ ಜೊತಿ ಇನ್‌ಸ್ಟಾಲ್ ಮಾಡು ಅನ್ನೂದನ್ನ ಆರಿಸು. ಡಿಸ್ಕ್ ಅಳಿಸು ಅನ್ನೂ ಆಪ್ಶನ್ ಕಡೆ ಕೈ ಹೋಗಬಾರದು.

ಆರ್‌ಟಿಎಕ್ಸ್_ರಂಗ:
ನಂದು ಗೇಮಿಂಗ್ ಲ್ಯಾಪ್‌ಟಾಪು, ಆರ್‌ಟಿಎಕ್ಸ್ 4050. ಎನ್‌ವಿಡಿಯಾ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡ್ದಾಗ ನೀಲಿ ಸ್ಕ್ರೀನಲ್ಲಿ ಏನೋ ಕೇಳ್ತು, ಗೊತ್ತಾಗ್ದೆ ಕಂಟಿನ್ಯೂ ಕೊಟ್ಟೆ, ಈಗ ಡ್ರೈವರ್ ಇನ್‌ಸ್ಟಾಲ್ ಆಗಿದೆ ಅನ್ನುತ್ತೆ ಆದ್ರೆ ಕೆಲಸ ಮಾಡಲ್ಲ. ಡಿಸ್ಟ್ರೋ ಬದ್ಲಾಯಿಸ್ಲಾ?

ಶಿರಸಿ_ಸಿಸ್ಟಮ್ಸ್:
ಡಿಸ್ಟ್ರೋ ಬದಲಾಯಿಸೋದು ಬೇಡ. ಆ ನೀಲಿ ಸ್ಕ್ರೀನೇ ಮುಖ್ಯ. ಸೆಕ್ಯೂರ್ ಬೂಟ್ ಆನ್ ಇದ್ದಾಗ ಸಹಿ ಇಲ್ಲದ ಮಾಡ್ಯೂಲ್‌ನ (ಡ್ರೈವರ್ ತುಣುಕು) ಕರ್ನಲ್ ಒಳಗೆ ಬಿಟ್ಕೊಳ್ಳಲ್ಲ. ಡ್ರೈವರ್ ನಿಮ್ಮ ಯಂತ್ರದಲ್ಲೇ ಡಿಕೆಎಂಎಸ್ ಅನ್ನೋ ಟೂಲ್ ಮೂಲಕ ಬಿಲ್ಡ್ ಆಗಿರೋದ್ರಿಂದ ಅದಕ್ಕೆ ನಿಮ್ಮದೇ ಕೀ, ಆ ಕೀನ ಒಪ್ಕೋಬೇಕು ಅಂತ ಬೂಟ್ ಆಗ್ವಾಗ ಒಂದು ಸಲ ಕೇಳುತ್ತೆ. ಅಲ್ಲಿ ಎನ್‌ರೋಲ್ ಮೋಕ್ (Enroll MOK) ಅಂತ ಆರಿಸಿ ಡ್ರೈವರ್ ಹಾಕ್ವಾಗ ಕೊಟ್ಟಿದ್ದ ಪಾಸ್‌ವರ್ಡ್ ಕೊಡ್ಬೇಕು. ಡ್ರೈವರ್ ತೆಗೆದು ಮತ್ತೆ ಹಾಕಿ, ಆ ಪ್ರಶ್ನೆ ಮತ್ತೆ ಬರುತ್ತೆ, ಈ ಸಲ ಕಂಟಿನ್ಯೂ ಬೂಟ್ ಒತ್ಬೇಡಿ.

ಬೀದರ್_ಮೇಷ್ಟ್ರು:
ನಾನು ಶಾಲೆಯಲ್ಲಿ ಕನ್ನಡ ಪಾಠ ಮಾಡೋನು, ಪ್ರಶ್ನೆಪತ್ರಿಕೆ ಎಲ್ಲ ನುಡಿಯಲ್ಲಿ ಟೈಪ್ ಮಾಡಿ ರೂಢಿ. ಮಿಂಟಿಗೆ ಬಂದರೆ ಕನ್ನಡ ಟೈಪಿಂಗ್ ಹೇಗೆ?

ಡೆಬಿಯನ್_ದೇವೇಗೌಡ್ರು:
ಮೇಷ್ಟ್ರೇ, ಐಬಸ್ (ಬೇರೆ ಭಾಷೆ ಟೈಪಿಂಗ್‌ಗಿರೋ ಸಾಫ್ಟ್‌ವೇರ್) ಜೊತೆ ಎಂ17ಎನ್ ಪ್ಯಾಕೇಜ್ ಹಾಕ್ಕೊಳಿ, ಅದ್ರಲ್ಲಿ ಕನ್ನಡಕ್ಕೆ ಕೆಜಿಪಿ ಅಂತ ಒಂದು ಲೇಔಟ್ ಇದೆ, ನುಡಿ ಕೈಗೆ ಅದೇ ಹತ್ತಿರ. ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಕೂಡ ಇದೆ. ಫಾಂಟಿಗೆ ನೋಟೋ, ಲೋಹಿತ್ ಬಿಟ್ಟು ಗುಬ್ಬಿ, ನವಿಲು ಅಂತ ಎರಡು ಪ್ಯಾಕೇಜ್ ಇದಾವೆ, ನವಿಲು ಒಂಥರಾ ಕೈಬರಹದ ಹಾಗೆ ಚೆನ್ನಾಗಿದೆ. ತಲೆನೋವು ಇರೋದು ಹಳೇ ಫೈಲಲ್ಲಿ. ನುಡಿಯ ಹಳೇ ಫಾಂಟಲ್ಲಿ ಮಾಡಿದ್ದು ಯೂನಿಕೋಡ್ ಅಲ್ಲ, ಲಿಬ್ರೆಆಫೀಸಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸುಮೇಲೋಗರ ಆಗಿ ಕಾಣುತ್ತೆ. ವಿಂಡೋಸ್ ಬಿಡೋ ಮೊದ್ಲೇ ಅವನ್ನೆಲ್ಲ ಯೂನಿಕೋಡಿಗೆ ಕನ್ವರ್ಟ್ ಮಾಡಿಟ್ಕೊಳಿ.

ಬೀದರ್_ಮೇಷ್ಟ್ರು:
ಹತ್ತು ವರ್ಷದ ಪ್ರಶ್ನೆಪತ್ರಿಕೆ ಅದಾವ ನಮ್ಮ ಹತ್ರ. ದಸರಾ ರಜಾದಾಗ ಕೂಡಬೇಕು ಅದಕ್ಕ.

ಚಿಕ್ಮಗ್ಳೂರ್_ಕಾಫಿ:
ಫೆಡೋರಾ ಹಾಕ್ದೆ. ಫ್ಯಾನ್ ತಣ್ಣಗಾಯ್ತು, ಬ್ರೈಟ್‌ನೆಸ್ ಬಂತು. ಆದ್ರೆ ಮುಚ್ಚಿಟ್ರೆ ಬೆಳಗ್ಗೆ ಹೊತ್ತಿಗೆ ಬ್ಯಾಟರಿ ಸುಮಾರು ಇಳಿದಿರುತ್ತೆ, ಫಿಂಗರ್‌ಪ್ರಿಂಟ್ ಕೂಡ ಇಲ್ಲ.

ಕರಾವಳಿ_ಕರ್ನಲ್:
ಬ್ಯಾಟರಿ ವಿಷಯ ವಿಂಡೋಸ್‌ನಲ್ಲೂ ಉಂಟು ಮಾರಾಯ್ರೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಮೊದಲಿನ ಎಸ್3 ಅನ್ನುವ ಗಾಢ ನಿದ್ದೆಯನ್ನೇ ತೆಗೆದಿದ್ದಾರೆ, ಎಸ್2ಐಡಲ್ ಅಂತ ಅರ್ಧ ಎಚ್ಚರ ಇರುವ ನಿದ್ದೆ ಮಾತ್ರ. ತಯಾರಕರ ಹೊಸ ಬಯೋಸ್ ಬಂದಿದ್ರೆ ಹಾಕಿ, ಎಫ್‌ಡಬ್ಲ್ಯೂಯುಪಿಡಿ (fwupd) ಅನ್ನುವ ಅಪ್‌ಡೇಟ್ ಟೂಲ್ ಮೂಲಕ ಲಿನಕ್ಸ್‌ನಿಂದಲೇ ಸಿಗ್ತದಾ ಅಂತ ಮೊದಲು ನೋಡಿ, ಸುಮಾರು ಕಂಪೆನಿಯವರು ಅಲ್ಲಿ ಹಾಕ್ತಾರೆ. ರಾತ್ರಿ ಇಡೀ ಇಡ್ಲಿಕ್ಕಿದ್ರೆ ಶಟ್‌ಡೌನ್ ಮಾಡೋದೇ ಒಳ್ಳೇದು, ಈಗಿನ ಎಸ್‌ಎಸ್‌ಡಿಗೆ ಬೂಟ್ ಆಗ್ಲಿಕ್ಕೆ ಎಷ್ಟು ಹೊತ್ತು ಬೇಕು?

ಫಿಂಗರ್‌ಪ್ರಿಂಟಿಗೆ ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಕೊಟ್ಟು ಸೆನ್ಸರಿನ ಐಡಿ ತೆಗೀರಿ, ಲಿಬ್‌ಎಫ್‌ಪ್ರಿಂಟ್ ಅನ್ನುವ ಫಿಂಗರ್‌ಪ್ರಿಂಟ್ ಸಾಫ್ಟ್‌ವೇರ್‌ನವರ ಪಟ್ಟಿಯಲ್ಲಿ ಅದು ಉಂಟಾ ನೋಡಿ.

ಚಿಕ್ಮಗ್ಳೂರ್_ಕಾಫಿ:
ನೋಡ್ದೆ, ಪಟ್ಟಿಯಲ್ಲಿಲ್ಲ.

ಕರಾವಳಿ_ಕರ್ನಲ್:
ಹಾಗಾದ್ರೆ ಪಾಸ್‌ವರ್ಡೇ ಗತಿ.